ಹೌದೆಂದ ಸೊಸೆ

ಸೊಸೆಯ ಜೊತೆ ಆಸ್ಪತ್ರೆಯ ನನ್ನ ಕೋಣೆಗೆ ಬರುವ ಅತ್ತೆಯಂದಿರನ್ನು ಕಂಡರೆ ನನಗೆ ಮೊದಲಿಂದಲೂ ಸಿಟ್ಟು. ನೋವು ಸೊಸೆಯದು, ಮಾತೆಲ್ಲ ಅವರದು. ಅವತ್ತು ಬಂದಾಕೆಯಂತೂ ನಿವೃತ್ತ ಹೆಡ್‌ಮಿಸ್ಟ್ರೆಸ್. ನನ್ನನ್ನೂ ಬೆಂಚಿನ ಮೇಲೆ ನಿಲ್ಲಿಸುವ ಹಾಗೆ ನೋಡುತ್ತಿದ್ದರು. ಸೊಸೆ ವಕೀಲೆ. ಬೆಳಿಗ್ಗೆಯಿಂದ ಕೆಳಹೊಟ್ಟೆಯ ಬಲಗಡೆ ತಡೆಯಲಾರದ ನೋವು, ವಾಂತಿ.

ಹಿಂದೊಮ್ಮೆ ಬಸಿರು ಗರ್ಭಕೋಶದ ಬದಲು ಎಡ ಅಂಡನಾಳದಲ್ಲೇ ಬೆಳೆದು, ಆ ನಾಳವನ್ನು ತೆಗೆಯಬೇಕಾಗಿ ಬಂದಿತ್ತು. ಉಳಿದದ್ದು ಬಲಗಡೆಯದೊಂದೇ. ಮಗುವಿನ ಆಸೆಯೆಲ್ಲ ಅದರ ಮೇಲೇ.

ನಾನು ನೋಡಬೇಕಾದ್ದನ್ನೆಲ್ಲ ನೋಡಿದೆ. ಬಸಿರಿಲ್ಲ, ಅಪೆಂಡಿಕ್ಸ್ ಸರಿಯಿದೆ, ರಕ್ತ, ಮೂತ್ರ ಚೊಕ್ಕ. ಸ್ಕ್ಯಾನ್‌ನಲ್ಲಿ ಅಂಡಾಶಯಗಳಿಗೆ ರಕ್ತ ಚೆನ್ನಾಗಿಯೇ ಹರಿಯುತ್ತಿತ್ತು. ಬಲಗಡೆಯದರ ಪಕ್ಕದಲ್ಲೊಂದು ನೀರುಗುಳ್ಳೆ, ಅದು ಎಷ್ಟೋ ಜನಕ್ಕಿರುತ್ತದೆ. ಇಂಜೆಕ್ಷನ್ ಕೊಟ್ಟ ಮೇಲೆ ನೋವೂ ಇಳಿಯಿತು. ಗ್ಯಾಸ್ ಇರಬಹುದು, ಮನೆಗೆ ಹೋಗಿ ಎಂದೆ. ಸೊಸೆ ತಲೆಯಾಡಿಸಿದಳು. ಅತ್ತೆ ಕುರ್ಚಿ ಬಿಟ್ಟು ಏಳಲಿಲ್ಲ.

"ಡಾಕ್ಟ್ರೇ, ಕಾರಲ್ಲಿ ಬರ್ತಾ, ನನ್ನ ಮಗನಷ್ಟು ಜಾಣ ಯಾರೂ ಇಲ್ಲ ಅಂದೆ. ಇವಳು 'ಹೌದತ್ತೆ' ಅಂದ್ಲು. ಮದುವೆಯಾದಾಗಿಂದ ನನ್ನ ಒಂದು ಮಾತನ್ನೂ ಒಪ್ಪಿದವಳಲ್ಲ ಇವಳು. ಇದು ಗ್ಯಾಸ್ ಅಲ್ಲ."

ನಗು ಬಂತು, ಬಂದದ್ದು ಅರ್ಧಕ್ಕೇ ನಿಂತಿತು. ಮತ್ತೆ ಹೊಟ್ಟೆ ಮುಟ್ಟಿದೆ. ಇಂಜೆಕ್ಷನ್ ಆಗಿದ್ದರೂ ಬಲಗಡೆ ಒತ್ತಿದ್ದೇ ತಡ, ಅವಳು ನನ್ನ ಕೈ ಹಿಡಿದುಬಿಟ್ಟಳು.

ಅಂಡಾಶಯಕ್ಕೆ ಏನೂ ಆಗದೆ ನಾಳವೊಂದೇ ತಿರುಚಿಕೊಳ್ಳುವುದುಂಟು. ತೀರಾ ಅಪರೂಪ, ಸ್ಕ್ಯಾನಿನ ಕಣ್ಣಿಗೂ ಮಣ್ಣೆರಚುತ್ತದೆ. ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿದರೇ ಖಾತ್ರಿಯಾಗುವುದು. ಒಳಗೆ ಏನೂ ಸಿಗದೆ ಹೋಗಬಹುದು, ಆದರೆ ಇದೇ ಆಗಿದ್ದು ನಾವು ತಡ ಮಾಡಿದರೆ ನಾಳ ಸತ್ತೀತು ಎಂದು ಬಿಡಿಸಿ ಹೇಳಿದೆ. ಸೊಸೆ ಸಹಿ ಹಾಕಿದಳು.

ಅದೇ ಆಗಿತ್ತು. ಗುಳ್ಳೆಯ ಭಾರಕ್ಕೆ ನಾಳ ಹಿಂಡಿದ ಒದ್ದೆ ಬಟ್ಟೆಯ ಹಾಗೆ ತಿರುಚಿ, ನೇರಳೆಗಟ್ಟಿತ್ತು. ಮೆಲ್ಲಗೆ ಬಿಡಿಸಿ, ಗುಳ್ಳೆ ತೆಗೆದು, ನಾಳದ ಬಣ್ಣ ನೋಡುತ್ತ ಕಾದೆವು. ನಿಧಾನವಾಗಿ ಕೆಂಪೇರಿತು. ಅರಿವಳಿಕೆ ಡಾಕ್ಟರು ಸಣ್ಣಗೆ ಸಿಳ್ಳೆ ಹಾಕಿದರು. ಬೇರೆ ದಿನವಾಗಿದ್ದರೆ ಗದರುತ್ತಿದ್ದೆ.

ಸಂಜೆ ವಾರ್ಡಿನಲ್ಲಿ, ನಾಳ ಉಳಿಯಿತು ಎಂದಾಗ ಸೊಸೆ ಬಿಕ್ಕಿ ಬಿಕ್ಕಿ ಅತ್ತಳು. ಹೊಲಿಗೆ ಎಳೆಯುತ್ತದೆ, ಸುಮ್ಮನಿರು ಎಂದು ಗದರಿದ ಅತ್ತೆ ತಾವೂ ಅತ್ತರು.

"ಮಗು ಆದ್ರೆ ಆಗ್ಲಿ, ಆಗ್ದಿದ್ರೆ ಬಿಡ್ಲಿ," ಎಂದರು. "ನನಗೆ ನೀನಿದ್ರೆ ಸಾಕು."

"ನನಗೆ ಸಾಕಾಗಲ್ಲ ಅತ್ತೆ," ಎಂದಳು ಸೊಸೆ. "ನನಗೆ ಮಗುವೂ ಬೇಕು."

ಅತ್ತೆ ಅವಳ ತಲೆ ಸವರುತ್ತ, ಕಣ್ಣೊರೆಸಿಕೊಳ್ಳುವುದನ್ನೂ ಮರೆತು ನಗುತ್ತಿದ್ದರು.