ನಡವಳಿಕೆಯಲ್ಲಿ ಬದಲಾವಣೆ ಇಲ್ಲ

ವಾರ್ಡಿನಲ್ಲಿದ್ದ ದರ್ಜಿ ಸತ್ತ ಮೇಲೆ ಆಸ್ಪತ್ರೆಯವರು ನರ್ಸನ್ನು ಕೆಲಸದಿಂದ ತೆಗೆದರು. ಔಷಧಿ ಹನಿಸುವ ಯಂತ್ರ ಹನಿ ನಿಂತೊಡನೆ ಗಂಟೆ ಬಡಿದಿತ್ತು, ಆಕೆ ಏಳಲಿಲ್ಲ ಎಂದು ಕಾರಣ ಬರೆದುಕೊಟ್ಟರು.

ಆ ನರ್ಸು ತಂಗಿ. ಆ ಯಂತ್ರ ತಯಾರಿಸುವ ಕಂಪನಿಯಲ್ಲಿ ದುಡಿಯುವವಳು ಅಕ್ಕ. ಇಬ್ಬರ ಅನ್ನವೂ ಒಂದೇ ಪೆಟ್ಟಿಗೆಯಿಂದ ಬರುತ್ತದೆ ಎನ್ನುವುದು ಮೊದಲೆಲ್ಲ ಮನೆಯ ತಮಾಷೆಯಾಗಿತ್ತು. "ನೀನು ಹೆತ್ತು ಕಳಿಸು, ನಾನು ಸಾಕ್ಕೋತೀನಿ" ಎನ್ನುತ್ತಿದ್ದಳು ತಂಗಿ. ದರ್ಜಿಯ ಮಾತನ್ನೂ ಮನೆಗೆ ಹೊತ್ತು ತರುತ್ತಿದ್ದಳು: "ನಿನ್ನ ಯೂನಿಫಾರಂ ಹೊಲಿದವನ ಕತ್ತರಿ ಕಿತ್ಕೋಬೇಕು ಮಗಳೇ. ನಾನು ಎದ್ದು ಕೂರೋ ಹಾಗಾಗ್ಲಿ, ಮೊದಲು ನಿನ್ನ ಹೆಗಲು ಸರಿ ಮಾಡ್ತೀನಿ."

ಈಗ ಅವಳು ತಮಾಷೆ ಮಾಡುವುದಿಲ್ಲ. ಬಟ್ಟೆ ಒಗೆಯುವ ಮಷೀನು ಕೀಂ ಎಂದರೆ ಎದ್ದೂ ಬಿದ್ದೂ ಓಡುತ್ತಾಳೆ. ರಸ್ತೆಯಲ್ಲಿ ಲಾರಿ ಹಿಂದಕ್ಕೆ ಸರಿಯುತ್ತ ಪೀಂ ಪೀಂ ಎಂದರೆ ಕೈಯಲ್ಲಿದ್ದ ತಟ್ಟೆ ಕೆಳಗೆ. ಕಿವಿ ಡಾಕ್ಟರಿಗೆ ತೋರಿಸಿಕೊಂಡು ಬಂದಳು. ಕಿವಿಗೆ ಏನೂ ಆಗಿಲ್ಲ ಎಂದರಂತೆ. ಅದೇ ಅವಳನ್ನು ಮುರಿದುಹಾಕಿತು.

"ಕಿವುಡಿ ಅಂದಿದ್ರೆ ಸಮಾಧಾನ ಆಗ್ತಿತ್ತಕ್ಕ. ಕಿವಿ ಇದ್ದೂ ಕೇಳಿಸ್ಕೊಳ್ಳಲಿಲ್ಲ ಅಂದ್ರೆ ನಾನು ಎಂಥವಳು?"

ಗಂಟೆ ಬಡಿಯಿತು ಎಂದು ಯಂತ್ರವೇ ದಾಖಲಿಸಿತ್ತು. ಯಂತ್ರಕ್ಕೇನು, ಅದಕ್ಕೆ ಯಾರ ಹಂಗು?

ಅಕ್ಕನ ಕೆಲಸ ಬೇರೆಯವರು ಬರೆದದ್ದನ್ನು ಓದುವುದು. ಯಂತ್ರದೊಳಗೆ ಎಲ್ಲಕ್ಕೂ ಯಜಮಾನನಾಗಿ ಕೂತಿರುವ ತಿರುಳೊಂದಿದೆ, ಅದೇ ಕರ್ನಲ್. ಗಂಟೆ, ಮೋಟಾರು, ಪರದೆ ಇವುಗಳ ಭಾಷೆ ಯಜಮಾನನಿಗೆ ಬಾರದು. ನಡುವೆ ದುಭಾಷಿಯಾಗಿ ಒಂದೊಂದಕ್ಕೂ ಒಂದೊಂದು ಡ್ರೈವರ್. ಯಜಮಾನ ಹೇಗೆ ಕೇಳಬೇಕು, ದುಭಾಷಿ ಏನೆಂದು ಉತ್ತರ ಕೊಡಬೇಕು ಎನ್ನುವುದು ಅವರಿಬ್ಬರ ನಡುವಿನ ಒಪ್ಪಂದ. ಅದರಲ್ಲಿ ಯಾರು ಒಂದು ಸಾಲು ತಿದ್ದಿದರೂ ಅಕ್ಕನ ಕಣ್ಣು ದಾಟಿ ಹೋಗಬೇಕು. ಅಳಿಸಿದ ಸಾಲು ಕೆಂಪು, ಸೇರಿಸಿದ್ದು ಹಸಿರು. ಓದಿ ಮುಗಿಸಿ 'ಪರಿಶೀಲಿಸಿದ್ದೇನೆ' ಎಂದು ಹೆಸರು ಹಾಕಿದ ಮೇಲೆಯೇ ಅದು ಯಂತ್ರಕ್ಕಿಳಿಯುವುದು.

ಆ ಮಧ್ಯಾಹ್ನ ಒಂದು ಪುಟ್ಟ ತಿದ್ದುಪಡಿ ಬಂತು. ಮೇಲೆ ವಿವರಣೆ: 'ಕಸ ಗುಡಿಸಿದ್ದು. ನಡವಳಿಕೆಯಲ್ಲಿ ಬದಲಾವಣೆ ಇಲ್ಲ.' ಇಂಥವಕ್ಕೆ ಎಲ್ಲರೂ ಅರೆಗಣ್ಣಲ್ಲೇ ಹೆಸರು ಹಾಕುತ್ತಾರೆ. ಗುಡಿಸಿದ ಕಸವನ್ನು ಕೆದಕಿ ನೋಡುವವರು ಯಾರು? ಅಕ್ಕ ನೋಡಿದಳು.

ಕೆಂಪಿನಲ್ಲಿ: ಗಂಟೆಗೆ ಹೋಗುವ ಆಜ್ಞೆ ಸರದಿಗೆ ಸೇರಿದೊಡನೆ 'ಆಯ್ತು' ಎನ್ನಬೇಕು. ಹಸಿರಿನಲ್ಲಿ: ಗಂಟೆ ನಿಜವಾಗಿ ಬಡಿಯುವ ತನಕ ಕಾದು, ಆಮೇಲೆ 'ಆಯ್ತು' ಎನ್ನಬೇಕು.

ಆಯ್ತು. ಈ ಮಾತಿಗೆ ಎರಡು ನಾಲಿಗೆ. ಕೆಲಸ ಮುಗಿಸಿ ಬೆವರು ಒರೆಸಿಕೊಳ್ಳುವವನೂ ಆಯ್ತು ಎನ್ನುತ್ತಾನೆ. ಮಾಡೋಣ ಬಿಡಿ ಎಂದು ಮಗ್ಗುಲು ಬದಲಿಸುವವನೂ ಆಯ್ತು ಎನ್ನುತ್ತಾನೆ. ಅಕ್ಕ ಹಳೆಯ ತಿದ್ದುಪಡಿಗಳನ್ನು ಹಿಂದಕ್ಕೆ ಬಗೆಯುತ್ತ ಹೋದಳು. ಅವಳು ಈ ವಿಭಾಗಕ್ಕೆ ಬರುವ ಮೊದಲು, ಯಂತ್ರ ಚುರುಕಾಗಲಿ ಎಂದು ಯಾರೋ ಬೆವರು ಒರೆಸಿಕೊಳ್ಳುವವನ ಆಯ್ತನ್ನು ಮಗ್ಗುಲು ಬದಲಿಸುವವನ ಆಯ್ತಾಗಿಸಿದ್ದರು. ಹೊಸ ಯಂತ್ರಗಳಲ್ಲಿ ತೊಂದರೆಯಿಲ್ಲ. ಹಳೆಯ ಮಾದರಿಯಲ್ಲಿ ಬ್ಯಾಟರಿ ಉಳಿಸಲು ಗಂಟೆಯನ್ನು ಮಲಗಿಸಿರುತ್ತಾರೆ. ಮಲಗಿದವನ ಬಾಗಿಲಲ್ಲಿ ಆಜ್ಞೆ ನಿಂತೇ ಇರುತ್ತದೆ. ಯಜಮಾನ 'ಗಂಟೆ ಬಡಿಯಿತು' ಎಂದು ಬರೆದುಕೊಂಡು ಮುಂದೆ ನಡೆಯುತ್ತಾನೆ.

ತಂಗಿಯ ವಾರ್ಡಿನಲ್ಲಿ ಇದ್ದದ್ದೆಲ್ಲ ಹಳೆಯ ಮಾದರಿ.

ಪರೀಕ್ಷೆಯ ಕೋಣೆಯ ಮೂಲೆಯಲ್ಲಿ ಅಂಥದೊಂದು ಧೂಳು ತಿನ್ನುತ್ತಿತ್ತು. ಅಕ್ಕ ಅದಕ್ಕೆ ಜೀವ ಕೊಟ್ಟು, ನೀರು ತುಂಬಿ, ಹನಿ ಬೀಳುವ ಕೊಳವೆಯನ್ನು ಬೆರಳಲ್ಲಿ ಹಿಸುಕಿ ಹಿಡಿದಳು. ಪರದೆಯ ಮೇಲೆ ಸಾಲು ಮೂಡಿತು: ಗಂಟೆ ಬಡಿಯಿತು. ಕೋಣೆಯಲ್ಲಿ ಫ್ಯಾನಿನ ಸದ್ದು. ಹೊರಗೆ ಯಾರೋ ನಕ್ಕರು. ಮಗುವಿನ ಎದೆಗೆ ಕಿವಿ ಇಡುವಂತೆ ಅವಳು ಪೆಟ್ಟಿಗೆಗೆ ಕಿವಿಯಿಟ್ಟಳು. ಏನೂ ಇಲ್ಲ. ತಂಗಿ ಕೇಳಿಸಿಕೊಂಡದ್ದು ಇದನ್ನೇ.

ಅಲ್ಲಿಂದಲೇ ಫೋನ್ ಮಾಡಿದಳು. "ಬಡೀಲಿಲ್ಲ ಕಣೇ. ಅದು ಬಡೀಲೇ ಇಲ್ಲ. ಕೋತಿ ಹಾಗೆ ಮೊಸರು ತಿಂದು ನಿನ್ನ ಬಾಯಿಗೆ ಒರೆಸಿದ್ದಾರೆ."

ತಂಗಿ ನಿಟ್ಟುಸಿರು ಬಿಡುತ್ತಾಳೆ, ಅತ್ತು ಹಗುರಾಗುತ್ತಾಳೆ ಎಂದುಕೊಂಡಿದ್ದಳು.

"ಅವರ ಮಂಚದ ಪರದೆ ಆಚೆಗೇ ಇದ್ದೆನಲ್ಲಕ್ಕ," ಎಂದಳು ತಂಗಿ. "ಪಕ್ಕದ ಅಜ್ಜಿಗೆ ತಲೆ ಬಾಚ್ತಾ ಇದ್ದೆ. ಕರೆದಿದ್ರೆ ಬರ್ತಿದ್ದೆ. ಯಾರೂ ಕರೀಲೇ ಇಲ್ವಾ ನನ್ನ?"

ಅಕ್ಕ ಬಾಯಿಗೆ ಸೆರಗಿಲ್ಲದೆ ಅಂಗೈಯನ್ನೇ ಒತ್ತಿಕೊಂಡಳು. ಇಷ್ಟು ದಿನ ತಪ್ಪು ಹೊತ್ತಿದ್ದವಳಿಗೆ ಈಗ ಅದಕ್ಕಿಂತ ಭಾರದ್ದನ್ನು ಹೊರಿಸಿದ್ದಾಯಿತು. ಉಳಿಸಬಹುದಾಗಿದ್ದ ಒಂದು ಜೀವವನ್ನು.

ಜಾಗಕ್ಕೆ ಮರಳಿದಾಗ ಮುಖ್ಯಸ್ಥ ಅವಳ ಮೇಜಿಗೆ ಒರಗಿ ನಿಂತಿದ್ದ. ಎಂದೂ ದನಿ ಏರಿಸದವನೆಂದು ಬೆನ್ನ ಹಿಂದೆ ಎಲ್ಲರೂ ಅವನನ್ನು ಐಸಣ್ಣ ಎನ್ನುತ್ತಿದ್ದರು.

"ಏನಮ್ಮಾ, ಅಂಗೈಯಗಲದ ತಿದ್ದುಪಡಿಗೆ ಇಷ್ಟು ಹೊತ್ತಾ? ಪುರಾಣ ಓದ್ತಿದ್ದೀಯೇನು?"

"ಸಾಲು ಸರಿಯಾಗಿವೆ. ಮೇಲೆ ಬರೆದಿರೋ ಮಾತು ಸುಳ್ಳು."

"ಯಾವ ಮಾತು?"

"ಬದಲಾವಣೆ ಇಲ್ಲ ಅನ್ನೋದು. ಬಡೀದೇ ಇದ್ದ ಗಂಟೆ ಇನ್ಮೇಲೆ ಬಡಿಯುತ್ತೆ. ಅದು ಬದಲಾವಣೆ ಅಲ್ದೆ ಇನ್ನೇನು?"

ಐಸಣ್ಣ ಬಾಗಿಲು ಮುಚ್ಚಿದ. "ಮೆಲ್ಲಗೆ. ಹಾಗೆ ಬರೆದ್ರೆ ನಾಳೆ ಎಲ್ಲಾ ಆಸ್ಪತ್ರೆಯವ್ರೂ ಬಾಗಿಲಿಗೆ ಬರ್ತಾರೆ."

"ಬರಲಿ. ಕುಂಬಳಕಾಯಿ ಕಳ್ಳ ಅನ್ನೋಕೆ ಮುಂಚೇನೇ ಯಾಕೆ ಹೆಗಲು ಮುಟ್ಟಿ ನೋಡ್ಕೋತೀರಿ?"

"ನಿನ್ನ ತಂಗಿ ವಿಷಯ ನಂಗೂ ಗೊತ್ತಮ್ಮ. ಅವಳಿಗೆ ಇಲ್ಲೇ ಏನಾದ್ರೂ ಕೆಲಸ ನೋಡೋಣ."

"ಗೊತ್ತಿತ್ತಾ?" ಅಕ್ಕನ ದನಿ ಸಣ್ಣಗಾಯಿತು. "ಗೊತ್ತಿದ್ದೂ ದಿನಾ ನನ್ನೆದುರು ಕೂತು ಕಾಫಿ ಕುಡಿದ್ರಾ?"

ಅವನು ಕಿಟಕಿಯ ಪರದೆಯ ಹಗ್ಗ ಎಳೆದ, ಬಿಟ್ಟ. "ನೋಡು, ನೀನು ತಡ ಮಾಡಿದಷ್ಟೂ ಈ ತಿದ್ದುಪಡಿ ಇಲ್ಲೇ ಕೂತಿರುತ್ತೆ. ಇನ್ನೊಂದು ವಾರ್ಡಲ್ಲಿ ಇನ್ನೊಬ್ಬರಿಗೆ ಏನಾದ್ರೂ ಆದ್ರೆ ಅದು ನಿನ್ನ ತಲೆ ಮೇಲೆ."

ಆ ಮಾತು ಎಲ್ಲಿ ನಾಟಬೇಕೋ ಅಲ್ಲೇ ನಾಟಿತ್ತು.

"ಬದಲಾವಣೆ ಇಲ್ಲ ಅಂತ ಕಳಿಸಿದ್ರೆ ಯಾವ ಆಸ್ಪತ್ರೆಯವ್ರು ತಕ್ಷಣ ಹಾಕಿಸ್ಕೋತಾರೆ? ಬಿಡುವಾದಾಗ ನೋಡೋಣ ಅಂತಾರೆ. ಅಲ್ಲಿ ತನಕ ಆ ಗಂಟೆಗಳು ಮಲಗೇ ಇರ್ತವೆ. ಬಡೀತಿರಲಿಲ್ಲ ಅಂತ ಬರೀರಿ, ನಿಂತ ಕಾಲಲ್ಲೇ ಹೆಸರು ಹಾಕ್ತೀನಿ."

"ಅದು ಆಗದ ಮಾತು. ಹೆಸರು ಹಾಕು. ನಾನು ಕೇಳ್ತಿಲ್ಲ, ಹೇಳ್ತಿದ್ದೀನಿ."

ಅಕ್ಕ ಕೀಬೋರ್ಡನ್ನು ಎತ್ತಿ ಅವನ ಕಡೆಗೆ ತಿರುಗಿಸಿ ಇಟ್ಟಳು.

"ನಿಮ್ಮದು ಹಾಕ್ಕೊಳ್ಳಿ. ನಂದು ಹಾಕಲ್ಲ."