ಮಂಚದ ಕೆಳಗಿನ ಬಿಸಿ ವೈರು

ಹೊಸ ಹೀಟರು ಮನೆಗೆ ಬಂದು ವಾರ ಕಳೆದಿರಲಿಲ್ಲ, ಆಗಲೇ ಅದನ್ನು ಅಂಗಡಿಗೆ ವಾಪಸ್ ಕೊಡುವ ಮಾತು ಶುರುವಾಗಿತ್ತು.

ಆ ಮನೆಯ ಮಗಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿತ್ತು. ಮಗುವಿನ ಬೆನ್ನು ಅಂಗೈಯಗಲವೂ ಇರಲಿಲ್ಲ. ಆಸ್ಪತ್ರೆಯಿಂದ ಕಳಿಸುವಾಗ ನರ್ಸ್ ಒಂದು ಮಾತನ್ನು ಒತ್ತಿ ಹೇಳಿದ್ದರು: "ಮಗು ಇರುವ ಕೋಣೆ ಬೆಚ್ಚಗಿರಬೇಕು." ಮನೆಯಲ್ಲಿ ಗದ್ದಲವಿಲ್ಲದ ಜಾಗವೆಂದರೆ ಹಿಂದಿನ ಕೋಣೆ ಒಂದೇ. ಆದರೆ ಅಲ್ಲಿ ಪ್ಲಗ್ ಇರಲಿಲ್ಲ.

ಮಗಳ ಅಪ್ಪ ಬಸ್ ಓಡಿಸಿ ನಿವೃತ್ತರಾದವರು. ಮನೆಯ ಯಾವ ಕೆಲಸಕ್ಕೂ ಇನ್ನೊಬ್ಬರನ್ನು ಕರೆದವರಲ್ಲ. ಅಟ್ಟದ ಮೇಲಿದ್ದ ಉದ್ದನೆಯ ಬಿಳಿ ವೈರನ್ನು ಇಳಿಸಿ, ಅಡುಗೆಮನೆಯ ಪ್ಲಗ್ಗಿನಿಂದ ಹಿಂದಿನ ಕೋಣೆವರೆಗೆ ಎಳೆದರು. ತುದಿಗೊಂದು ಪ್ಲಗ್ ಪೆಟ್ಟಿಗೆ ಕೂರಿಸಿ ಹೀಟರು, ಬಲ್ಬು ಎರಡನ್ನೂ ಅದಕ್ಕೇ ಸಿಕ್ಕಿಸಿದರು. ಮಿಕ್ಕ ವೈರನ್ನು ಅಂದವಾಗಿ ಸುರುಳಿ ಸುತ್ತಿ ಮಂಚದ ಕೆಳಗೆ ತಳ್ಳಿದರು.

ಹೀಟರು ಹಾಕಿದೊಡನೆ ಬಲ್ಬು ಮಂಕಾಗುತ್ತಿತ್ತು. ಕೋಣೆ ಮಾತ್ರ ಅಂದುಕೊಂಡಷ್ಟು ಬೆಚ್ಚಗಾಗುತ್ತಿರಲಿಲ್ಲ.

"ಇದೇನು ಹೀಟರೋ, ಮೂಲೇಲಿ ಅಂದಕ್ಕೆ ಇಟ್ಟ ಡಬ್ಬನೋ," ಎಂದು ಅಮ್ಮ ಗೊಣಗುತ್ತಿದ್ದರು. "ಸಾಲದ್ದಕ್ಕೆ ಒಂಥರಾ ವಾಸನೆ ಬೇರೆ."

"ಹೊಸದಲ್ವಾ, ಬಣ್ಣ ಕಾದ ವಾಸನೆ ಅದು. ನಾಲ್ಕು ದಿನ ಆದ್ರೆ ಹೋಗುತ್ತೆ," ಎಂದು ಅಪ್ಪ ಮಾತು ಮುಗಿಸುತ್ತಿದ್ದರು.

ಒಂದು ಮಧ್ಯಾಹ್ನ ಮಗುವನ್ನು ನೋಡಲು ವೈಂಡಿಂಗ್ ಅಕ್ಕ ಬಂದರು. ಬೀದಿಯ ಮೂಲೆಯಲ್ಲಿ ಅವರದೊಂದು ಚಿಕ್ಕ ಅಂಗಡಿ. ಸುಟ್ಟುಹೋದ ಮೋಟಾರುಗಳ ಹಳೆ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತುವುದು ಅವರ ಕೆಲಸ. ಅದಕ್ಕೇ ಬೀದಿಯವರೆಲ್ಲ ಇಟ್ಟ ಹೆಸರು ಅದು.

ಕೋಣೆಯೊಳಗೆ ಕಾಲಿಟ್ಟವರೇ ಅವರು ಬಾಗಿಲಲ್ಲೇ ನಿಂತರು. ಮಗುವಿನ ಕಡೆ ನೋಡಲಿಲ್ಲ. ಮೂಗು ಏರಿಸಿ ಒಮ್ಮೆ ಆಘ್ರಾಣಿಸಿದರು.

"ಪುಟ್ಟಿ, ಮಗೂನ ಎತ್ಕೊಂಡು ಹೊರಗಿನ ಕೋಣೆಗೆ ಹೋಗಿ ಕೂತ್ಕೋಮ್ಮ," ಎಂದರು ಮೆಲ್ಲಗೆ. "ಡ್ರೈವರಣ್ಣ, ಇದರ ಕರೆಂಟು ಎಲ್ಲಿಂದ ಬರ್ತಿದೆಯೋ ಅಲ್ಲಿ ಸ್ವಿಚ್ ಆಫ್ ಮಾಡಿ, ಪ್ಲಗ್ಗನ್ನೂ ಕಿತ್ತುಬಿಡಿ. ಆಮೇಲೆ ಮಾತಾಡೋಣ."

ಮಗಳು ಏನೂ ಕೇಳದೆ ಮಗುವನ್ನು ಎತ್ತಿಕೊಂಡು ಹೋದಳು. ಅಪ್ಪ ಪ್ಲಗ್ಗು ಕಿತ್ತು ಬಂದರು, ಆದರೆ ಮುಖ ಬಿಗಿದುಕೊಂಡಿತ್ತು.

"ಏನಮ್ಮ ಇದು, ಬಂದವಳೇ ಎಲ್ಲರನ್ನೂ ಹೆದರಿಸ್ತೀಯ. ಬಣ್ಣದ ವಾಸನೆಗೆ ಇಷ್ಟೆಲ್ಲ ಯಾಕೆ?"

"ಬಣ್ಣ ಕಾದರೆ ಹೇಗಿರುತ್ತೆ, ಪ್ಲಾಸ್ಟಿಕ್ ಬೆಂದರೆ ಹೇಗಿರುತ್ತೆ ಅಂತ ನನ್ನ ಮೂಗಿಗೆ ಗೊತ್ತಣ್ಣ. ಮಂಚ ಸ್ವಲ್ಪ ಸರಿಸಿ."

ಮಂಚ ಸರಿಸಿದರು. ವೈರಿನ ಸುರುಳಿಯ ಮೇಲೆ ಮಗುವಿನ ಬಟ್ಟೆಯ ಚೀಲ ಕೂತಿತ್ತು. ಅಮ್ಮ ಅದನ್ನು ಎತ್ತಿ ತಿರುಗಿಸಿದರು. ಚೀಲದ ಅಡಿಯಲ್ಲಿ ಇಸ್ತ್ರಿಪೆಟ್ಟಿಗೆ ಮರೆತು ಇಟ್ಟಂಥ ಕಂದು ಗುರುತು. ಸುರುಳಿಯ ಒಳಸುತ್ತುಗಳು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು.

ಅಮ್ಮ ಚೀಲವನ್ನು ಎದೆಗೆ ಅವಚಿಕೊಂಡು ಗೋಡೆಗೆ ಒರಗಿದರು. ಅಪ್ಪ ಬಗ್ಗಿ ಸುರುಳಿಯನ್ನು ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ತಡೆದು ತಡೆದು ಕೇಳಿದರು, "ಹಾಗಿದ್ರೆ ಟ್ರಿಪ್ ಸ್ವಿಚ್ ಬೀಳ್ಬೇಕಿತ್ತಲ್ಲ? ಒಂದ್ಸಲವೂ ಬಿದ್ದಿಲ್ಲ."

"ಅಡುಗೆಮನೆಯ ಆ ಸ್ವಿಚ್ ಗೋಡೆಯೊಳಗಿನ ದಪ್ಪ ವೈರಿಗೆ ತಕ್ಕ ಹಾಗೆ ಇಟ್ಟಿದ್ದು. ಆ ವೈರು ತಡೆಯೋವಷ್ಟು ಕರೆಂಟು ಹರಿಯೋವರೆಗೂ ಅದು ಸುಮ್ಮನಿರುತ್ತೆ. ನೀವು ಮುಂದಕ್ಕೆ ಸಣ್ಣ ವೈರು ಎಳೆದಿದ್ದೀರಿ ಅಂತ ಅದಕ್ಕೇನು ಗೊತ್ತು?"

"ವೈರು ಅಂದ್ಮೇಲೆ ವೈರು. ಒಳಗೆ ತಾಮ್ರ, ಹೊರಗೆ ಪ್ಲಾಸ್ಟಿಕ್. ಇದರಲ್ಲಿ ದೊಡ್ಡದು ಚಿಕ್ಕದು ಏನು ಬಂತು?"

ಅಕ್ಕ ನೆಲದ ಮೇಲೆ ಕೂತು, ವೈರನ್ನು ಬೆಳಕಿಗೆ ಹಿಡಿದು, ಅದರ ಮೈಮೇಲಿನ ಅಚ್ಚನ್ನು ತೋರಿಸಿದರು. "ಓದಿ. ಸೊನ್ನೆ ಪಾಯಿಂಟ್ ಏಳು ಐದು. ಮುಕ್ಕಾಲು ಚದರ ಮಿಲಿಮೀಟರ್. ಒಳಗಿನ ತಾಮ್ರ ಅಷ್ಟೇ ಅಗಲ. ಅಣ್ಣ, ನೀವು ಬಸ್ ಓಡಿಸಿದವರು. ತುಂಬಿದ ಬಸ್ಸನ್ನ ಅಗಲವಾದ ರಸ್ತೇಲಿ ಓಡಿಸೋದಕ್ಕೂ ಇಕ್ಕಟ್ಟಾದ ಗಲ್ಲೀಲಿ ನುಗ್ಗಿಸೋದಕ್ಕೂ ವ್ಯತ್ಯಾಸ ಇಲ್ವಾ?"

"ಗಲ್ಲೀಲಿ ಎರಡೂ ಕಡೆ ಗೋಡೆ ಉಜ್ಜುತ್ತೆ."

"ಇಲ್ಲೂ ಹಾಗೇ. ಕರೆಂಟಿಗೆ ತಂತಿ ಒಡ್ಡೋ ತಡೆಗೆ ರೆಸಿಸ್ಟೆನ್ಸ್ ಅಂತಾರೆ, ಓಮ್ ಲೆಕ್ಕದಲ್ಲಿ ಅಳೀತಾರೆ. ತಂತಿ ಸಣ್ಣಗಾದಷ್ಟೂ ತಡೆ ಜಾಸ್ತಿ, ಉದ್ದ ಆದಷ್ಟೂ ಜಾಸ್ತಿ. ತಾಮ್ರದ ಈ ಮುಕ್ಕಾಲರ ವೈರು ನೂರು ಮೀಟರಿಗೆ ಎರಡೂವರೆ ಓಮಿಗಿಂತ ತುಸು ಹೆಚ್ಚು. ಒಂದೂವರೆ ಚದರದ್ದು ತಗೊಂಡ್ರೆ ತಾಮ್ರ ಎರಡರಷ್ಟು, ಹಾಗಾಗಿ ತಡೆ ಅರ್ಧಕ್ಕೆ ಇಳಿಯುತ್ತೆ. ಎರಡೂವರೆ ಚದರದ್ದಾದರೆ ಒಂದು ಓಮೂ ಇಲ್ಲ, ಸುಮಾರು ಮುಕ್ಕಾಲು. ನಿಮ್ಮ ವೈರು ಎಷ್ಟುದ್ದ ಇದೆ?"

"ಇಪ್ಪತ್ತೈದು ಮೀಟರ್."

"ಕರೆಂಟು ಒಂದು ತಂತೀಲಿ ಬಂದು ಇನ್ನೊಂದರಲ್ಲಿ ವಾಪಸ್ ಹೋಗ್ಬೇಕಲ್ಲ, ಹಾಗಾಗಿ ಐವತ್ತು ಅಂತ ಹಿಡೀಬೇಕು. ಅಲ್ಲಿಗೆ ಒಂದು ಓಮು, ಮೇಲೆ ಒಂದಿಷ್ಟು. ಈ ಹೀಟರು ಎಳೆಯೋದು ಎಂಟು ಆಂಪಿಯರಿಗಿಂತ ಹೆಚ್ಚು. ಆಂಪಿಯರನ್ನ ಆಂಪಿಯರಿನಿಂದಲೇ ಗುಣಿಸಿ, ಮತ್ತೆ ಓಮಿನಿಂದ ಗುಣಿಸಿದ್ರೆ ವೈರಿನಲ್ಲೇ ಹತ್ತಿರ ಹತ್ತಿರ ತೊಂಬತ್ತು ವ್ಯಾಟು ಬಿಸಿಯಾಗಿ ಹೋಗುತ್ತೆ. ದಾರೀಲೇ ವೋಲ್ಟೇಜು ಕುಸಿದು ಹೀಟರಿಗೆ ಖೋತಾ. ಬಲ್ಬು ಮಂಕಾಗೋದೂ ಅದಕ್ಕೇ."

ಅಪ್ಪ ಮಾಡಿನ ಕಡೆ ನೋಡಿದರು. ಅಲ್ಲಿ ನೂರು ವ್ಯಾಟಿನ ಹಳೆಯ ಹಳದಿ ಬಲ್ಬು ತೂಗುತ್ತಿತ್ತು. ಅಕ್ಕನೂ ಅದನ್ನೇ ನೋಡಿದರು.

"ಅದನ್ನ ಹೊತ್ತಿಸಿ ಬಟ್ಟೆ ಸುತ್ತಿ ಹಾಸಿಗೆ ಕೆಳಗಿಡ್ತೀರಾ ಅಣ್ಣ?"

"ಹುಚ್ಚಾ ನನಗೆ?"

"ವೈರು ಉದ್ದಕ್ಕೂ ಹರಡಿದ್ದರೆ ಆ ಬಿಸಿ ಗಾಳಿಗೆ ಹೋಗ್ತಿತ್ತು. ಸುರುಳಿ ಸುತ್ತಿ ಮೇಲೆ ಚೀಲ ಇಟ್ಟಾಗ ಹೋಗೋಕೆ ದಾರಿಯೇ ಇಲ್ಲ, ಒಳಗೊಳಗೇ ಬೇಯುತ್ತೆ."

ಅಪ್ಪ ಮಂಚದ ಅಂಚಿಗೆ ಕೂತರು. ಎರಡೂ ಕೈಗಳಿಂದ ಮುಖ ಒರೆಸಿಕೊಂಡರು. "ನನ್ನ ಕೈಯಾರೆ ಸುತ್ತಿಟ್ಟಿದ್ದೆ," ಎಂದರು.

ಅಮ್ಮ ಹತ್ತಿರ ಬಂದು ಅವರ ಹೆಗಲ ಮೇಲೆ ಕೈಯಿಟ್ಟರು. "ಏನೂ ಆಗಿಲ್ಲ. ಮಗು ಅಲ್ಲಿ ಹಾಲು ಕುಡೀತಾ ಇದೆ. ಎದ್ದೇಳಿ, ಮುಂದೇನು ಮಾಡ್ಬೇಕು ಕೇಳಿ."

ಮುಂದಿನದನ್ನು ಅಕ್ಕ ನೇರವಾಗಿ ಹೇಳಿದರು. ಹೀಟರಿಗೆ ಉದ್ದುದ್ದ ವೈರು ಎಳೆಯಬಾರದು. ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕರೆಸಿ, ಮೇನ್ ಬೋರ್ಡಿನಿಂದ ಆ ಕೋಣೆಗೆ ಎರಡೂವರೆ ಚದರದ ತಾಮ್ರದ ವೈರನ್ನು ಅರ್ತಿಂಗ್ ಸಮೇತ ಹಾಕಿಸಿ, ಅದಕ್ಕೆ ತಕ್ಕ ಟ್ರಿಪ್ ಸ್ವಿಚ್ ಕೂರಿಸಬೇಕು.

"ಎರಡೂವರೆ ಹಾಕಿದ್ರೆ ವೈರು ಬಿಸಿ ಆಗಲ್ವಾ?" ಅಪ್ಪ ಇನ್ನೂ ಪೂರ್ತಿ ನಂಬಿರಲಿಲ್ಲ.

"ಅಷ್ಟೇ ಉದ್ದಕ್ಕೆ ಮೂವತ್ತು ವ್ಯಾಟೂ ಬರಲ್ಲ. ಅದೂ ಗೋಡೆ ಉದ್ದಕ್ಕೂ ಹಂಚಿಹೋಗುತ್ತೆ. ನೀವೇ ಮುಟ್ಟಿ ನೋಡೋರಂತೆ, ವೈರು ಹಾಯಿಸೋ ಹೊರಗಿನ ಪೈಪನ್ನ."

ಎಲೆಕ್ಟ್ರಿಷಿಯನ್ ಮರುದಿನ ಬೆಳಿಗ್ಗೆಯೇ ಬಂದರು. ಅಪ್ಪ ಏಣಿ ಹಿಡಿದು ಪಕ್ಕದಲ್ಲೇ ನಿಂತಿದ್ದರು. ಹೊಸ ವೈರಿನ ಮೈಮೇಲಿನ ಅಚ್ಚನ್ನು ಕನ್ನಡಕ ಹಾಕಿಕೊಂಡು ಓದಿದ ಮೇಲೇ ಅದನ್ನು ಬಿಚ್ಚಲು ಬಿಟ್ಟರು. ಕೆಲಸ ಮುಗಿದು ಹೀಟರು ಹಾಕಿದಾಗ ಬಲ್ಬು ಮಂಕಾದಂತೆ ಕಾಣಲಿಲ್ಲ. ಸಂಜೆಯ ಹೊತ್ತಿಗೆ ಕೋಣೆ ಹದವಾಗಿ ಬೆಚ್ಚಗಾಯಿತು. ಅಪ್ಪ ಗೋಡೆಯ ಪೈಪಿನ ಮೇಲೆ ಅಂಗೈ ಇಟ್ಟು, ಒಂದು ತುದಿಯಿಂದ ಇನ್ನೊಂದು ತುದಿವರೆಗೆ ನಡೆದರು.

"ಹೇಗಿದೆ?" ಎಂದು ಅಮ್ಮ ಕೇಳಿದರು.

"ತಣ್ಣಗಿದೆ ಕಣೇ."

ಅಮ್ಮ ನಕ್ಕರು. ಎಷ್ಟೋ ದಿನದ ಮೇಲೆ ಮಗಳು ಕಣ್ತುಂಬ ನಿದ್ದೆ ಮಾಡುತ್ತಿದ್ದಳು. ಅವಳ ಮಗ್ಗುಲಲ್ಲಿ ಮಗು ಮುಷ್ಟಿ ಸಡಿಲಿಸಿ, ಕಾಲು ಚಾಚಿ ಮಲಗಿತ್ತು. ಅಪ್ಪ ಬಾಗಿಲಲ್ಲಿ ನಿಂತು ಅವರಿಬ್ಬರನ್ನೂ ಬಹಳ ಹೊತ್ತು ನೋಡಿದರು. ಆಮೇಲೆ ಚಪ್ಪಲಿ ಮೆಟ್ಟಿ ಹೊರಟರು. ಪಕ್ಕದ ಮನೆಯವರೂ ನೀರು ಕಾಯಿಸಲು ಅಂಗಳಕ್ಕೆ ಸಣ್ಣ ವೈರು ಎಳೆದಿದ್ದರು. ಅದನ್ನು ಅವರಿಗೆ ಈಗಲೇ ಹೇಳಬೇಕಿತ್ತು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಇವತ್ತೇ ಒಂದು ಗಳಿಗೆ ಬಿಡುವು ಮಾಡಿಕೊಳ್ಳಿ. ಹೀಟರು, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ರಾಡು, ಇವುಗಳಿಗೆ ಕರೆಂಟು ಯಾವ ವೈರಿನಲ್ಲಿ ಬರುತ್ತಿದೆ ನೋಡಿ. ಮೊದಲು ಸ್ವಿಚ್ ಆಫ್ ಮಾಡಿ, ಪ್ಲಗ್ಗು ಕಿತ್ತು, ಆಮೇಲೆ ವೈರಿನ ಮೇಲಿನ ಅಂಕಿ ಓದಿ. ಸಣ್ಣ ವೈರಿಗೆ ದೊಡ್ಡ ಭಾರ ಹೊರಿಸಬೇಡಿ. ಸುರುಳಿ ಸುತ್ತಿ ಹಾಸಿಗೆ, ಚಾಪೆ, ಬಟ್ಟೆಯ ಅಡಿಗೆ ತಳ್ಳಬೇಡಿ. ವೈರು ಬಿಸಿಯಾದರೆ, ದೀಪ ಮಂಕಾದರೆ, ಪ್ಲಾಸ್ಟಿಕ್ ವಾಸನೆ ಬಂದರೆ, ಅದರ ಬಳಕೆ ಅಲ್ಲಿಗೇ ನಿಲ್ಲಿಸಿ, ತಿಳಿದವರನ್ನು ಕರೆಸಿ. ಕೇಳಲು ಸಂಕೋಚ ಬೇಡ. ನಿಮ್ಮ ಮನೆಯವರು ನಿಶ್ಚಿಂತೆಯಿಂದ ಮಲಗಲಿ.