ಸಾಂಬಾರಿನ ರುಚಿ ನೋಡುವವಳು

"ಹಾಗಾದ್ರೆ ನನ್ನ ಮಗಳನ್ನ ಫೇಲ್ ಮಾಡಿ!" ಎಂದೆ ನಾನು, ಮೇಜು ಕುಟ್ಟಿ.

ಹರಿಹರ ಹೆಗಡೆ ಮಾಸ್ತರರು ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. ಮಂಕಿಯಲ್ಲಿ ನಮ್ಮ ಕೇರಿಯ, ಏಳನೇ ತರಗತಿವರೆಗಿನ ಸರ್ಕಾರಿ ಶಾಲೆಗೆ ಅವರೇ ಹೆಡ್‌ಮಾಸ್ತರರು. ಅವರು ಕನ್ನಡಕ ತೆಗೆದರೆ ಎದುರಿಗಿದ್ದವರ ಮುಖ ನೋಡಲು ಮನಸ್ಸಿಲ್ಲ ಎಂದು ಅರ್ಥ.

"ಎಂತ ಮಾತು ಜಯಂತಿ ಇದು? ವಿನುತಾ ಕ್ಲಾಸಿಗೇ ಫಸ್ಟು."

"ಅದು ನಂಗೂ ಗೊತ್ತದೆ. ಇನ್ನೊಂದು ವರ್ಷ ಏಳನೇತ್ತಿಯಲ್ಲೇ ಕೂತ್ರೆ ಎಂತ ಆತದೆ? ಮತ್ತೊಂದ್ಸಲ ಫಸ್ಟ್ ಬತ್ತದೆ."

"ಮಗನ್ನ ಪಾಸ್ ಮಾಡಿ ಅಂತ ಕಾಲಿಗೆ ಬಿದ್ದವರನ್ನ ಕಂಡಿದ್ದೇನೆ. ಫೇಲ್ ಮಾಡಿ ಅಂತ ಮೇಜು ಕುಟ್ಟಿದವಳು ನೀನೇ ಮೊದಲು."

"ಮತ್ತೆಂತ ಮಾಡೂದು? ನೀವೇ ಹೇಳ್ತ್ರಿ, ಮಗಳು ಪಾಸಾಗಿ ಶಾಲೆ ಬಿಟ್ರೆ ನಾನು ಶಾಲೆ ಸಮಿತಿ ಅಧ್ಯಕ್ಷೆ ಅಲ್ಲ ಅಂತ. ಎಂತಕ್ಕೆ ಅಲ್ಲ? ನಾನೆಂತ ಕದ್ದಿದ್ದೇನಾ?"

"ಕಾನೂನು ಆನು ಮಾಡಿದ್ದಲ್ದೇ ಮಾರಾಯ್ತಿ! ಶಾಲೆಲಿ ಮಗು ಇಲ್ದೇ ಹೋದ್ರೆ ಸಮಿತಿಲಿ ಇಪ್ಪಲೆ ಬತ್ತಿಲ್ಲೆ. ಬತ್ತಿಲ್ಲೆ ಹೇಳಿದ್ರೆ ಬತ್ತಿಲ್ಲೆ!"

ಮಾಸ್ತರರಿಗೆ ಸಿಟ್ಟು ನೆತ್ತಿಗೇರಿದರೆ ಹವ್ಯಕರ ಮನೆಮಾತು ಹೊರಗೆ ಬೀಳುತ್ತದೆ. ನನ್ನ ಸಿಟ್ಟಿಗೆ ಬೇರೆ ಭಾಷೆ ಬೇಕಿಲ್ಲ, ಗಂಟಲು ಸಾಕು.

"ಹಾಗಾದ್ರೆ ಈ ವಯಸ್ಸಲ್ಲಿ ಇನ್ನೊಂದು ಹೆರಬೇಕಾ ನಾನು?"

"ಹೆತ್ತರೂ ಒಂದನೇತ್ತಿಗೆ ಸೇರಿಸೋದಕ್ಕೆ ಆರು ವರ್ಷ ತುಂಬಬೇಕು," ಎಂದರು ಮಾಸ್ತರರು ಗಂಭೀರವಾಗಿ. ತಮಾಷೆ ಅವರಿಗೆ ಬರುವುದಿಲ್ಲ.

ಬಾಗಿಲಲ್ಲಿ ಏನೋ ಬಿದ್ದ ಸದ್ದಾಯಿತು. ತಿರುಗಿ ನೋಡಿದರೆ ವಿನುತಾ. ಸೀಮೆಸುಣ್ಣದ ಡಬ್ಬಿ ಕೈಜಾರಿ ನೆಲವೆಲ್ಲ ಚೂರು. ಅವಳು ಹೆಕ್ಕಲೂ ಇಲ್ಲ, ನನ್ನನ್ನು ನೋಡಲೂ ಇಲ್ಲ. ತಿರುಗಿ ಹೊರಟುಹೋದಳು.

ನಾನೇನು ಶಾಲೆಯ ಮೇಲಿನ ಪ್ರೀತಿಯಿಂದ ಅಲ್ಲಿಗೆ ಹೋದವಳಲ್ಲ. ವಿನುತಾ ನಾಲ್ಕನೇತ್ತಿಯಲ್ಲಿದ್ದಾಗ ಒಂದು ದಿನ ಮನೆಗೆ ಬಂದು, "ಶಾಲೆ ಸಾಂಬಾರಲ್ಲಿ ಮುಖ ಕಾಣ್ತದೆ" ಎಂದಳು. ಒಲೆಯ ಮೇಲಿದ್ದದ್ದನ್ನು ಇಳಿಸಿ ಸೀದಾ ಶಾಲೆಗೆ ನಡೆದೆ. "ಇದು ಸಾಂಬಾರೋ, ಎಮ್ಮೆ ತೊಳೆದ ನೀರೋ?" ಎಂದು ಅಡುಗೆಯ ಸೋಮಿಯ ಮೇಲೆ ಹರಿಹಾಯ್ದೆ. ಅವಳು ಸೌಟು ನನ್ನ ಕೈಗೇ ಕೊಟ್ಟು, "ನೀನೇ ತಿರುವು ತಾಯಿ" ಎಂದಳು. ಮಾಸ್ತರರು ಹೊರಗೆ ಬಂದು, ಮಕ್ಕಳಿಗೆ ಬಡಿಸುವ ಮೊದಲು ತಾಯಂದಿರಲ್ಲೊಬ್ಬರು ರುಚಿ ನೋಡಬೇಕು ಎಂದು ಸರ್ಕಾರವೇ ಹೇಳಿದೆ, ಯಾರೂ ಬರುವುದಿಲ್ಲ, ನಾಳೆಯಿಂದ ನೀನೇ ಬಾ ಎಂದರು. ನನ್ನ ಬಾಯಿ ಮುಚ್ಚಿಸಲು ಹೇಳಿದ್ದು. ನಾನು ಮರುದಿನವೇ ಹೋದೆ.

ರುಚಿ ನೋಡಲು ಹೋದವಳು ಕೈ ತೊಳೆಯದ ಮಕ್ಕಳನ್ನು ಗದರದೆ ಹೇಗೆ ಬರುವುದು? ಗದರಿದ ಮೇಲೆ ನಲ್ಲಿಯಲ್ಲಿ ನೀರಿಲ್ಲದ್ದು ಕಂಡಿತು. ಪಂಚಾಯಿತಿಗೆ ಹೋಗಿ ಕೂಗಿದೆ, ನೀರು ಬಂತು. ನೀರು ಬಂದ ಮೇಲೆ ಅದು ಹರಿದು ಹಾಳಾಗುವುದು ಸರಿಯಲ್ಲವೆಂದು ಬಸಳೆ ನೆಟ್ಟೆ. ಬಸಳೆಗೆ ದನ ನುಗ್ಗಿತು, ಬೇಲಿ ಹಾಕಿಸಿದೆ. ಶಾಲೆಗೆ ಚಕ್ಕರ್ ಹೊಡೆದು ಗಾಳ ಹಾಕಲು ಹೋದವರನ್ನು ಹಳ್ಳದ ದಂಡೆಯಿಂದ ಕಿವಿ ಹಿಡಿದು ತಂದೆ. ಶಾರದಾ ಪೂಜೆಯ ಪಂಚಕಜ್ಜಾಯಕ್ಕೆ ಎಳ್ಳು ಕಮ್ಮಿ ಎಂದು ಭಟ್ಟರ ಹತ್ತಿರವೂ ಜಗಳವಾಯಿತು. ಅಷ್ಟರಲ್ಲಿ ನನ್ನನ್ನು ಸಮಿತಿಯ ಅಧ್ಯಕ್ಷೆ ಮಾಡಿದ್ದರು. ಬೇರೆ ಯಾರೂ ಒಪ್ಪಿಕೊಳ್ಳಲಿಲ್ಲ ಎನ್ನುವುದು ಬೇರೆ ಮಾತು. "ರೇಷನ್ ಕಾರ್ಡನ್ನೂ ಶಾಲೆ ವಿಳಾಸಕ್ಕೇ ಬದಲಿಸ್ಕೊ" ಎಂದ ನನ್ನ ಗಂಡ ಹರೀಶ. ಅವನಿಗೆ ಮಧ್ಯಾಹ್ನ ತಣ್ಣಗಿನ ಅನ್ನ.

ಒಮ್ಮೆ ಇನ್‌ಸ್ಪೆಕ್ಟರು ಬಂದು ಐದನೇತ್ತಿಯಲ್ಲಿ ಕರ್ನಾಟಕದ ಅತಿ ಉದ್ದದ ನದಿ ಯಾವುದು ಎಂದು ಕೇಳಿದರು. ಮಕ್ಕಳು ಪಿಳಿಪಿಳಿ ಕಣ್ಣು ಬಿಡುತ್ತಿದ್ದರು. ತಡೆಯಲಾಗದೆ ಕಿಟಕಿಯ ಹೊರಗಿಂದ ನಾನೇ "ಶರಾವತಿ!" ಎಂದೆ. ಮಕ್ಕಳೆಲ್ಲ ಒಟ್ಟಿಗೆ "ಶರಾವತಿ!" ಎಂದವು. ತಪ್ಪು ಎಂದರು ಇನ್‌ಸ್ಪೆಕ್ಟರು. "ಹೊನ್ನಾವರದ ಸೇತುವೆ ಮೇಲೆ ನಿಂತು ನೋಡಿದ್ದೀರಾ?" ಎಂದು ಅವರ ಜೊತೆಗೂ ಶುರುಮಾಡಿದೆ. ಕ್ಲಾಸಿನಲ್ಲಿ ಒಂದೇ ಒಂದು ಮಗು ಬಾಯಿ ತೆರೆದಿರಲಿಲ್ಲ. ಅದು ನನ್ನದೇ. ಅವಳಿಗೆ ಸರಿಯುತ್ತರ ಗೊತ್ತಿತ್ತು.

ಈ ಶಾಲೆಯನ್ನು ಬಿಟ್ಟು ಈಗ ನಾನು ಮನೆಯಲ್ಲಿ ಕೂತು ಮಾಡುವುದೇನು? ಫೇಲ್ ಮಾಡಿ ಎಂದದ್ದು ಅದಕ್ಕೆ.

ಅಂದು ಊಟಕ್ಕೆ ಕೂತಾಗ ವಿನುತಾ ಕೇಳಿದಳು, "ನಾನು ಫೇಲ್ ಆಗಬೇಕಾಗಿತ್ತಾ?"

"ಸಿಟ್ಟಲ್ಲಿ ಬಂದ ಮಾತು ಅದು, ಬಿಡು."

"ಸಿಟ್ಟಲ್ಲಿ ಅಲ್ಲ. ನೀನು ಯೋಚನೆ ಮಾಡೇ ಹೇಳಿದ್ದೆ."

ಹರೀಶ ತಟ್ಟೆಯಲ್ಲಿ ಅನ್ನ ಕಲೆಸುತ್ತ ಕೂತ. ಇಂಥ ಹೊತ್ತಿಗೆ ಅವನ ಅನ್ನ ಎಷ್ಟು ಕಲೆಸಿದರೂ ಮುಗಿಯುವುದಿಲ್ಲ.

"ಎಲ್ಲರೂ ಮನೇಲಿ ಬೈಸ್ಕಂಡು ಶಾಲೆಗೆ ಬತ್ರು, ಶಾಲೇಲಿ ಬೈಸ್ಕಂಡು ಮನೆಗೆ ಹೋತ್ರು," ಎಂದಳು ವಿನುತಾ. "ನಂಗೆ ಎರಡೂ ಕಡೆ ನೀನೇ. ನಾನು ಹೊನ್ನಾವರದ ಹೈಸ್ಕೂಲಿಗೆ ಹೋತೆ."

"ಬಸ್ಸಲ್ಲಿ ನೇತಾಡ್ಕಂಡು? ಇಲ್ಲೇ ಮಂಕಿಲಿ ಹೈಸ್ಕೂಲು ಇಲ್ವನೇ? ಮನೆಯಿಂದ ನಡೆದು ಹೋಗಬಹುದು."

"ಅದಕ್ಕೇ."

ಹರೀಶನಿಗೆ ನಗು ಬಂದು ಅನ್ನ ನೆತ್ತಿಗೇರಿತು. ಅವನ ಬೆನ್ನಿಗೆ ಅಗತ್ಯಕ್ಕಿಂತ ಜೋರಾಗಿಯೇ ಗುದ್ದಿದೆ.

ಪಾಲಕರ ಸಭೆಯಲ್ಲಿ ಹೊಸ ಅಧ್ಯಕ್ಷೆಯಾಗಿ ಬಂಗಾರಿಯನ್ನು ಆರಿಸಿದರು. ಅವಳ ಮಗ ಎರಡನೇತ್ತಿಯಲ್ಲಿದ್ದ. ಬಂಗಾರಿ ಸುಗ್ಗಿ ಹಾಡು ಶುರುಮಾಡಿದರೆ ಬೆಳಗಿನವರೆಗೂ ಹಾಡುವವಳು, ಮಾತಿಗೆ ಮಾತ್ರ ಬಾಯಿಯೇ ಇಲ್ಲ. ಇವಳು ಪಂಚಾಯಿತಿಗೆ ಹೋಗಿ ಹೇಗೆ ಕೂಗುತ್ತಾಳೆ ಎಂದು ನಾನು ಗಟ್ಟಿಯಾಗಿಯೇ ಕೇಳಿದೆ. "ಕೂಗೂದಿಲ್ಲ ಅಕ್ಕ, ಅವರು ಕೊಡೂವರೆಗೂ ಬಾಗಿಲಲ್ಲಿ ಕೂತ್ಕಂಬೂದು," ಎಂದಳು. ಅದನ್ನು ಕೇಳಿ ನನಗೆ ಇನ್ನೂ ಸಿಟ್ಟು ಬಂತು.

ಸಭೆ ಮುಗಿದ ಮೇಲೆ ಸೋಮಿ ಎಂದಿನಂತೆ ಸೌಟಿನಲ್ಲಿ ಸಾಂಬಾರು ತಂದು ನನ್ನ ಎದುರು ಹಿಡಿದಳು. ಪಾಪ, ಅಭ್ಯಾಸಬಲ. ನಾನು ಕೈ ಒಡ್ಡಿದವಳು ಹಿಂದಕ್ಕೆಳೆದುಕೊಂಡೆ.

"ಬಂಗಾರಿಗೆ ಕೊಡು."

ಬಂಗಾರಿ ನೆಕ್ಕಿ, "ಚಲೋ ಆತು," ಎಂದಳು.

ಉಪ್ಪು ಕಮ್ಮಿ ಇತ್ತು. ಬಣ್ಣ ನೋಡಿಯೇ ಹೇಳಬಲ್ಲೆ ನಾನು.

ಜೂನ್ ತಿಂಗಳಲ್ಲಿ ವಿನುತಾಳನ್ನು ಸೇರಿಸಲು ಹೊನ್ನಾವರಕ್ಕೆ ಹೊರಟೆ. ಸಹಿ ಹಾಕಿದ ಕೂಡಲೇ ವಾಪಸ್ಸು ಬರಬೇಕು, ಯಾರಿಗೂ ಏನೂ ಹೇಳಬಾರದು ಎಂದು ಅವಳು ಮನೆಯಲ್ಲೇ ಕರಾರು ಮಾಡಿಸಿಕೊಂಡಿದ್ದಳು. ಬಸ್ಸು ಶರಾವತಿ ಸೇತುವೆಗೆ ಬಂತು. ಮಳೆಗಾಲದ ಕೆಂಪು ನೀರು ಆ ದಂಡೆಯಿಂದ ಈ ದಂಡೆಯವರೆಗೆ ತುಂಬಿತ್ತು.

"ಅಮ್ಮ, ಇದು ಉದ್ದದ ನದಿ ಅಲ್ಲ," ಎಂದಳು ಕಿಟಕಿಯ ಕಡೆ ನೋಡುತ್ತ.

"ಅಗಲ ನೋಡು."

"ಅವರು ಅಗಲ ಕೇಳಿರಲಿಲ್ಲ." ತುಟಿಯ ಅಂಚಿನಲ್ಲಿ ನಗು ಇತ್ತು. ಫೇಲಿನ ಮಾತಾದ ಮೇಲೆ ಮೊದಲ ಸಲ.

ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ಸು ಮಧುರಾ ಎಂಬವರು, ಒಳ್ಳೆ ಹೆಂಗಸು. ನಾನು ಸಹಿ ಹಾಕುತ್ತಿದ್ದಂತೆ ಮೆಲ್ಲಗೆ ಹೇಳಿದರು, "ನಮ್ಮಲ್ಲಿ ಸಮಿತಿಗೆ ತಾಯಂದಿರೇ ಸಿಗುವುದಿಲ್ಲ. ಊಟದ ರುಚಿ ನೋಡುವುದಕ್ಕೂ ಯಾರೂ ಬರುವುದಿಲ್ಲ. ನಿಮ್ಮ ಹೆಸರು ಬರೆದುಕೊಳ್ಳಲಾ?"

ಅದೇ ಹೊತ್ತಿಗೆ ಅಡುಗೆಕೋಣೆಯಿಂದ ವಾಸನೆ ಬಂತು. ತಳದಲ್ಲಿ ಬೇಳೆ ಸೀಯುತ್ತಿತ್ತು. ತಿರುವಬಾರದು, ಮೇಲಿನದನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸಬೇಕು. ಅಲ್ಲಿ ಯಾರೋ ಗರಗರ ತಿರುವುತ್ತಿದ್ದರು, ಸದ್ದು ಕೇಳುತ್ತಿತ್ತು. ನನ್ನ ನಾಲಿಗೆ ಹಲ್ಲಿನ ತನಕ ಬಂದು ನಿಂತಿತು.

ವಿನುತಾ ತಲೆಯೆತ್ತಿ, ತಿರುಗದ ಫ್ಯಾನನ್ನು ನೋಡುತ್ತಿದ್ದಳು. ಕುತ್ತಿಗೆಯ ನರ ಬಿಗಿದಿತ್ತು. ಆಡಳಿತವೆಲ್ಲ ನನ್ನದಾಗಿದ್ದ ಶಾಲೆಯಲ್ಲಿ ಅವಳು ಇಷ್ಟು ವರ್ಷ ಹೀಗೇ ನಿಂತಿದ್ದಳೇನೋ, ನಾನು ಸಾಂಬಾರು ನೋಡುತ್ತಿದ್ದೆ.

"ನಂಗೆ ಪುರಸೊತ್ತಿಲ್ಲ ಮೇಡಂ," ಎಂದೆ. ಅಂಥ ಸುಳ್ಳನ್ನು ನಾನು ಯಾವತ್ತೂ ಹೇಳಿಲ್ಲ.

ಮಗಳ ತಲೆಯ ಮೇಲೆ ಕೈಯಿಡಲು ಹೋಗಿ, ಬಾಗಿಲಲ್ಲಿ ಹುಡುಗಿಯರು ನೋಡುತ್ತಿದ್ದಾರೆಂದು ಬಿಟ್ಟೆ. ಅಡುಗೆಕೋಣೆಯನ್ನು ದಾಟುವಾಗ ಆ ಕಡೆ ಮುಖವನ್ನೇ ತಿರುಗಿಸಲಿಲ್ಲ, ಸೀದಾ ಗೇಟಿನಿಂದ ಹೊರಗೆ ಬಂದೆ.

ವಿನುತಾ ಈಗ ಒಂಬತ್ತನೇತ್ತಿ. ಬೇಳೆ ಈಗಲೂ ಸೀಯುತ್ತದಂತೆ. ನಾನು ಆ ಗೇಟಿನೊಳಗೆ ಮತ್ತೆ ಕಾಲಿಟ್ಟಿಲ್ಲ.